ಗುಡುಗಿನಲ್ಲಿ ಮುಚ್ಚಿಕೊಂಡ ಬೆಳಕಿಂಡಿ

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಮಾತು ತೆಗೆದರೆ ನಕ್ಕು ಎದ್ದು ಹೋಗುತ್ತಿದ್ದವನು ನಾನು. ಕಟ್ಟೆಯ ಮೇಲೆ ಕೂತು ಅಂಥ ಕಥೆಗಳನ್ನು ನಾನೂ ಬೇಕಾದಷ್ಟು ಹೇಳಿದ್ದೇನೆ. ಆದರೆ ಅವೆಲ್ಲ ಕಟ್ಟಿದ ಕಥೆಗಳು ಎಂಬುದು ಹೇಳುವ ನನಗೂ ಗೊತ್ತಿತ್ತು, ಕೇಳುವವರಿಗೂ ಗೊತ್ತಿತ್ತು. ಈಗ ಬರೆಯುತ್ತಿರುವುದು ಅಂಥದ್ದಲ್ಲ. ನಂಬಿ ಎಂದು ನಿಮ್ಮ ಬೆನ್ನು ಹತ್ತುವುದಿಲ್ಲ. ಕಣ್ಣೆದುರು ಆದದ್ದನ್ನು ಆದಂತೆ ಹೇಳುತ್ತೇನೆ, ಅಷ್ಟೆ.

ಹೇಳಬೇಕಾದರೆ ಮೊದಲು ನನ್ನ ಸೋದರತ್ತೆ ಗುರವ್ವನಿಂದ ಶುರು ಮಾಡಬೇಕು. ಅವಳ ಸುದ್ದಿ ಹೇಳುವುದೆಂದರೆ ನನಗೆ ಎದೆಯುಬ್ಬುತ್ತದೆ. ಅಳವಂಡಿ ಕಡೆಯ ನಮ್ಮೂರಲ್ಲಿ ಹಳೆಯ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು. ಪಡಸಾಲೆಗೆ ಬೆಳಕು ಬೀಳಲೆಂದು ಮಾಳಿಗೆಯಲ್ಲಿ ಮೊಳದಗಲದ ಕಿಂಡಿ ಬಿಟ್ಟಿರುತ್ತಾರೆ. ಅದೇ ಬೆಳಕಿಂಡಿ. ಮಳೆ ಬಂತೆಂದರೆ ಯಾರಾದರೂ ಮಾಳಿಗೆ ಹತ್ತಿ ಅದರ ಮೇಲೆ ಫರಸಿಕಲ್ಲಿನ ಚಪ್ಪಡಿ ಸರಿಸಿ ಮುಚ್ಚಬೇಕು. ಮೋಡ ಕಟ್ಟುವಾಗ ಸುಮ್ಮನಿದ್ದು, ಗುಡುಗಿ ಹನಿ ಬಿದ್ದ ಮೇಲೆ ದಡಬಡ ಮೇಲೆ ಓಡುವುದು ನಮ್ಮ ಮಂದಿಯ ರೂಢಿ. ಸಿಡಿಲು ಆಡುವ ಹೊತ್ತಿಗೆ ಸರಿಯಾಗಿ ಮನುಷ್ಯ ಎಲ್ಲಕ್ಕಿಂತ ಎತ್ತರದ ಜಾಗದಲ್ಲಿ ಬಗ್ಗಿ ಕಲ್ಲು ಎಳೆಯುತ್ತಿರುತ್ತಾನೆ. ಅತ್ತೆಯ ಗಂಡ ಹಾಗೆ ಹತ್ತಿದವನು ತಾನಾಗಿ ಕೆಳಗಿಳಿಯಲಿಲ್ಲ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅವಳು ತವರಿಗೆ ಬಂದಳು, ನಮ್ಮನ್ನೆಲ್ಲ ಬೆಳೆಸಿದಳು. ನಾನು ಮಾತು ಕಲಿತದ್ದೇ ಅವಳ ಬಾಯಿಂದ.

ಮನೆಯಲ್ಲಿ ಅವಳದೊಂದು ಕಾಯ್ದೆ ಇತ್ತು. ಮೋಡ ಕಪ್ಪಾಯಿತೋ, ಗುಡುಗುವ ಮೊದಲೇ ಮೇಲೆ ಹೋಗಿ, ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಕಿಂಡಿಗೆ ಹಾಸಿ, ಮೂಲೆಗಳನ್ನು ಒಳಗೆ ಒತ್ತಿ, ಕಲ್ಲು ಸರಿಸಿ ಬರಬೇಕು. ಒಂದು ಗುಡುಗು ಕೇಳಿತೆಂದರೆ ಮಾಳಿಗೆಯ ಮಾತೇ ಇಲ್ಲ. ಹೊಲದಲ್ಲಿದ್ದವರು ಬೇವಿನ ಗಿಡದ ಬುಡಕ್ಕೆ ನಿಲ್ಲದೆ ಮೊದಲ ಸದ್ದಿಗೇ ಮನೆ ಸೇರಬೇಕು. ಹರೆಯದಲ್ಲಿ ನಾನೊಮ್ಮೆ ಗುಡುಗಿನಲ್ಲೇ ನಿಚ್ಚಣಿಕೆಗೆ ಕಾಲಿಟ್ಟಾಗ ಓಣಿಯವರೆಲ್ಲ ನೋಡುವಂತೆ ಕಿವಿ ಹಿಡಿದು ಇಳಿಸಿದ್ದಳು.

“ಜ್ವಾಳಾ ತೋಯ್ದರ ಬಿಸಲಿಗೆ ಹಾಕತೀನಿ. ನಿನ್ನ ಎಲ್ಲೆ ಒಣಗಸ್ಲೋ, ಖೋಡಿ?”

ಓಣಿಗೆ ಓಣಿಯೇ ನಕ್ಕಿತು. ನಕ್ಕವರು ಆ ಮಾತನ್ನು ತಮ್ಮ ತಮ್ಮ ಮನೆಗೂ ಒಯ್ದರು. ಆಮೇಲೆ ಗುಡುಗಿದರೆ ಸಾಕು, ಹೆಂಗಸರು ಗಂಡಸರನ್ನು, ತಾಯಂದಿರು ಮಕ್ಕಳನ್ನು ಅದೇ ಮಾತಿನಲ್ಲಿ ಗದರಿಸತೊಡಗಿದರು. ಅಂದಿನಿಂದ ನಮ್ಮ ಓಣಿಯಲ್ಲಿ ಸಿಡಿಲಿಗೆ ಒಂದು ಜೀವವೂ ಹೋಗಿಲ್ಲ. ಬೇರೆಯವರು ಮನೆತನದ ಹೊಲ, ಎತ್ತು ತೋರಿಸಿ ಮೀಸೆ ತಿರುವುತ್ತಾರೆ. ನಾನು ಇದನ್ನು ಹೇಳಿ ತಿರುವುತ್ತೇನೆ.

ಅತ್ತೆ ತೀರಿಕೊಂಡ ಮೇಲೆ ಅವಳದೆಂದು ಉಳಿದದ್ದು ಬೀಜದ ಜೋಳ. ಪ್ರತಿ ಸುಗ್ಗಿಯಲ್ಲಿ ತೆನೆ ತೆನೆ ಆರಿಸಿ ಅವಳು ಕಾಯ್ದುಕೊಂಡು ಬಂದ ತಳಿ. ಹಾಲಿನಂಥ ಬಿಳುಪು. ರೊಟ್ಟಿ ಮರುದಿನಕ್ಕೂ ಮೆತ್ತಗೆ. ನಮ್ಮ ಮನೆಗೆ ಪೇಟೆಯ ಜೋಳದ ಬೀಜ ಬಂದದ್ದೇ ಇಲ್ಲ.

ಕೆಲವು ವರ್ಷಗಳ ಹಿಂದೆ, ಹಿಂಗಾರಿ ಬಿತ್ತನೆ ಹತ್ತಿರ ಬಂದಾಗ, ಆ ಬೀಜಕ್ಕೆ ಹುಳು ಬಿದ್ದಿತ್ತು. ಆರಿಸಿ ಉಳಿದದ್ದನ್ನು ಪಡಸಾಲೆಯಲ್ಲಿ ಬೆಳಕಿಂಡಿಯ ಕೆಳಗೆ ಹರವಿದ್ದೆವು. ಅಷ್ಟು ಹೋದರೆ ಅತ್ತೆಯ ತಳಿಯೇ ಹೋದಂತೆ. ತಿನ್ನುವ ಜೋಳವಾದರೆ ತೋಯ್ದರೂ ಒಣಗಿಸಬಹುದು, ತೋಯ್ದ ಬೀಜ ಮೊಳೆಯುವ ನಂಬಿಕೆ ಇಲ್ಲ. ಮಗ ಸೊಸೆ ಮದುವೆಗೆಂದು ಗಂಗಾವತಿಗೆ ಹೋಗಿದ್ದರು. ಮನೆಯಲ್ಲಿ ನಾನು, ನನ್ನ ಹೆಂಡತಿ ನೀಲಮ್ಮ ಇಬ್ಬರೇ. ಉಂಡು ಒರಗಿದವನಿಗೆ ಜೊಂಪು ಹತ್ತಿತ್ತು. ಗುಡುಗಿನ ಸದ್ದಿಗೇ ಎಚ್ಚರ.

ಯಲಬುರ್ಗಾದ ದಿಕ್ಕಿನಿಂದ ಮೋಡ ಎದ್ದು ಬಂದು ಹಗಲೇ ಮಬ್ಬಾಗಿತ್ತು. ನೀಲಮ್ಮ ಟಿವಿಯ ವಾಯರು ಕಿತ್ತಿಟ್ಟು ಅಡಿಗೆಮನೆಯಲ್ಲಿದ್ದಳು. ಜೋಳಕ್ಕೆ ಹೊದಿಸೋಣವೆಂದರೆ ತಾಡಪತ್ರಿ ಹೊರಗೆ ಬಣವೆಯ ಮೇಲಿತ್ತು. ಕಿಂಡಿಯಿಂದ ದಪ್ಪ ಹನಿಗಳು ಜೋಳದ ಅಂಚಿಗೆ ಬೀಳತೊಡಗಿದವು. ಕಾಯ್ದೆ ನೆನಪಿರಲಿಲ್ಲವೆಂದಲ್ಲ. ಆದರೆ ಬೀಜದ ಮುಂದೆ ಅದು ಸಣ್ಣದಾಗಿ ಕಂಡಿತು. ಹಿತ್ತಲ ಗೋಡೆಗೆ ಹಚ್ಚಲೆಂದು ಕಬ್ಬಿಣದ ನಿಚ್ಚಣಿಕೆಯನ್ನು ಎತ್ತಿಕೊಂಡೆ.

ಆಗ ಮಾಳಿಗೆಯ ಮೇಲೆ ಏನೋ ಸರಿದ ಸದ್ದಾಯಿತು. ಕತ್ತೆತ್ತಿ ನೋಡಿದೆ. ಕಿಂಡಿಯ ಬೆಳಕು ಒಂದು ಕಡೆಯಿಂದ ಮೆಲ್ಲಗೆ ಸಣ್ಣದಾಗುತ್ತ ಹೋಗಿ, ಪೂರ್ತಿ ಇಲ್ಲದಾಯಿತು. ಹಿಂದೆಯೇ ಕಲ್ಲಿನ ಮೇಲೆ ಕಲ್ಲು ಎಳೆದ ಸದ್ದು. ಹನಿ ನಿಂತಿತು. ಪಡಸಾಲೆ ಕತ್ತಲಾಯಿತು. ನೀಲಮ್ಮನೇ ಹತ್ತಿದ್ದಾಳೆಂದುಕೊಂಡೆ.

“ಏ ಇಳೀ ಕೆಳಗ! ಹುಚ್ಚ ಹಿಡದೈತೇನ ನಿನಗ?” ಎಂದು ಮೇಲೆ ನೋಡಿ ಕೂಗಿದೆ.

“ಯಾರಿಗೆ ಒದರಾಕತ್ತೀರಿ?” ನೀಲಮ್ಮ ನನ್ನ ಬೆನ್ನ ಹಿಂದೆ, ಅಡಿಗೆಮನೆಯ ಬಾಗಿಲಲ್ಲಿ ಮೊಬೈಲಿನ ಬೆಳಕು ಹಿಡಿದು ನಿಂತಿದ್ದಳು. “ಮದಲ ಆ ಕಬ್ಬಣಾ ಕೆಳಗ ಒಗೀರಿ!”

ಒಗೆದೆ. ಅದು ನೆಲಕ್ಕೆ ಬಿದ್ದ ಸದ್ದು ನಮಗೆ ಕೇಳಲೇ ಇಲ್ಲ. ಬಾಗಿಲ ಸಂದಿಗಳೆಲ್ಲ ಬೆಳ್ಳಗೆ ಉರಿದಂತಾಗಿ, ತಲೆಯ ಮೇಲೇ ಆಕಾಶ ಸೀಳಿತು. ಸುಟ್ಟ ವಾಸನೆ ಬಂತು, ತೊಲೆಯಿಂದ ಮಣ್ಣು ಉದುರಿತು. ಇಬ್ಬರೂ ಗೋಡೆ, ಬಾಗಿಲು ಬಿಟ್ಟು ನಡುಮನೆಯಲ್ಲಿ ಕುಕ್ಕರಗಾಲಲ್ಲಿ ಕೂತೆವು.

ಕೊನೆಯ ಗುಡುಗು ಕೇಳಿ ಅರ್ಧ ತಾಸಿನ ಮೇಲಾದ ನಂತರವೇ ಮಾಳಿಗೆ ಹತ್ತಿದೆವು. ನಾನು ನಿಚ್ಚಣಿಕೆ ಹಚ್ಚುವ ಮೂಲೆಯಲ್ಲಿ ಮಾಳಿಗೆಯಂಚಿನ ಕುಂಬಿಗೋಡೆ ಸಿಡಿದು ಚೂರಾಗಿತ್ತು. ಟಿವಿಯ ಡಿಶ್ಶಿನ ಕೊಡೆ ಕಪ್ಪಾಗಿ ಮುರುಟಿತ್ತು. ಬೆಳಕಿಂಡಿಯ ಮೇಲೆ ಕಲ್ಲು ಸರಿಯಾಗಿ ಕೂತಿತ್ತು. ಅದನ್ನು ಸರಿಸಲು ನಮಗೆ ನಾಲ್ಕು ಕೈ ಬೇಕಾದವು. ಕೆಳಗೆ ಗೋಣಿಚೀಲ. ಮೆಣಸಿನಕಾಯಿ ಹರವಲು ಮೇಲೊಯ್ದು ಮೂಲೆಯಲ್ಲಿ ಒಗೆದಿದ್ದ ನಮ್ಮದೇ ಚೀಲ. ನಾಲ್ಕು ಮಡಿಕೆ, ಮೂಲೆಗಳು ಒಳಗೆ ಒತ್ತಿದ್ದವು. ಅತ್ತೆ ಹೋದ ಮೇಲೆ ನಾವ್ಯಾರೂ ಚೀಲ ಹಾಸುತ್ತಿರಲಿಲ್ಲ. ಬರೀ ಕಲ್ಲು ಎಳೆದು ಬರುತ್ತಿದ್ದೆವು.

ರಾತ್ರಿ ಮಗನಿಗೆ ಫೋನಿನಲ್ಲಿ ಹೇಳಿದೆ. “ಗಾಳಿಗೆ ಸರದಿರಬೇಕು ಬಿಡಪಾ” ಅಂದ. ನೀಲಮ್ಮ ಫೋನು ಕಸಿದುಕೊಂಡಳು. “ಗಾಳಿ ಚೀಲಾನೂ ಮಡಚತೈತೇನೋ? ಹಂಗಾದ್ರ ನಿನ್ನ ಅಂಗಿನೂ ಅದರ ಕಡೆ ಮಡಚಿಸ್ಕೋ!” ಆಮೇಲೆ ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ ಅಂದಳು: “ನೀವು ಮುಚ್ಚಲಿಲ್ಲ, ನಾ ಮುಚ್ಚಲಿಲ್ಲ. ಮನಿಯವರು ಮತ್ತ್ಯಾರರೆ ಮುಚ್ಚಿರಬೇಕಲ್ರಿ?”

ಯಾರೋ ಓಣಿಯವರು ಬಂದು ಮುಚ್ಚಿ ಹೋದರೇನೋ ಎಂದು ಮನೆಮನೆ ಕೇಳಿದೆ. ಅಂಥ ಗುಡುಗಿನಲ್ಲಿ ಮಾಳಿಗೆ ಹತ್ತುವವರು ನಮ್ಮ ಓಣಿಯಲ್ಲಿ ಯಾರೂ ಇರಲಿಲ್ಲ. ಅತ್ತೆ ಹಾಗೆ ಕಲಿಸಿದ್ದಳಲ್ಲ.

ಆ ಬೀಜ ಬಿತ್ತಿದೆವು. ತೆನೆ ಎಂದಿನಂತೆ ಬೆಳ್ಳಗೆ ತುಂಬಿ ಬಂತು. ಈಗಲೂ ಅದೇ ಉಣ್ಣುತ್ತೇವೆ, ಕೇಳಿದವರಿಗೆ ಹಿಡಿ ಹಿಡಿ ಕೊಟ್ಟೂ ಕಳಿಸುತ್ತೇವೆ. ಮುಂದಿನ ಮಳೆಗಾಲದೊಳಗೆ ಬೆಳಕಿಂಡಿಗೆ ಒಂದು ಮುಚ್ಚಳ ಮಾಡಿಸಿ, ಪಡಸಾಲೆಯಲ್ಲೇ ನಿಂತು ನೂಲಿನ ಹಗ್ಗ ಎಳೆದರೆ ಮುಚ್ಚುವಂತೆ ಕಟ್ಟಿಸಿದೆ. ಮೋಡ ಕಪ್ಪಾದ ಕೂಡಲೇ ಎಳೆದುಬಿಡುತ್ತೇನೆ. ಅದನ್ನು ನೋಡಿ ಓಣಿಯ ಬೇರೆ ಮನೆಗಳವರೂ ಮಾಡಿಸಿದ್ದಾರೆ. ನನ್ನ ಜೀವದ ಭಯಕ್ಕೆ ಮಾಡಿಸಿದ್ದೆಂದು ಅವರು ತಿಳಿದಿದ್ದಾರೆ. ತಿಳಿಯಲಿ. ನಾನು ಇದನ್ನೆಲ್ಲ ನಂಬುವವನಲ್ಲ. ಆದರೂ ಗುಡುಗುವಾಗ ಗುರವ್ವತ್ತೆ ಇನ್ನೊಮ್ಮೆ ಆ ಮಾಳಿಗೆ ಹತ್ತಬಾರದು.