ಮಂಜಪ್ಪನವರ ಜಿಂಕೆಯ ಕೊಂಬು ಕಳಚಿದ ದಿನ

ಕೋವಿಡ್ ಕಳೆದ ಮರುವರ್ಷ ನಾನು ಹೊಸನಗರ ತಾಲ್ಲೂಕಿನಲ್ಲಿ ಸರ್ಕಾರಿ ಪಶುವೈದ್ಯನಾಗಿದ್ದೆ. ಅಂದು ಬೆಳಿಗ್ಗೆ ನಗರ ಎಂಬ ಊರಿನ ಹತ್ತಿರ ಒಂದು ಮನೆಯ ಅಂಗಳದಲ್ಲಿ ನಾವು ನಾಲ್ವರಿದ್ದೆವು: ನಾನು, ಅರಣ್ಯ ರಕ್ಷಕ ಗಣಪತಿ, ಮನೆಯ ಯಜಮಾನ ಮಂಜಪ್ಪ, ಅವರ ಹೆಂಡತಿ ಶಾರದಮ್ಮ. ಜೊತೆಗೆ, ಹಲಸಿನ ಮರಕ್ಕೆ ಕಟ್ಟಿದ್ದ ಒಂದು ಗಂಡು ಜಿಂಕೆ.

ನಾಯಿಗಳು ತಾಯಿಯನ್ನು ಕೊಂದಾಗ ಮಂಜಪ್ಪ ಎತ್ತಿ ತಂದು, ಹಸುವಿನ ಹಾಲು ಕುಡಿಸಿ ಸಾಕಿದ ಮರಿ ಅದು. ಕಾಡುಪ್ರಾಣಿಯನ್ನು ಸಾಕುವಂತಿಲ್ಲ ಎಂಬ ಕಾನೂನು ಅವರಿಗೆ ತಿಳಿದದ್ದು, ಅದು ಬೆಳೆದು ಬೆದೆಗಾಲದ ಮದದಲ್ಲಿ ಶಾರದಮ್ಮನ ತೊಡೆಗೆ ತಿವಿದ ಮೇಲೆ. ಬಂದೂಕಿನಿಂದ ಅರಿವಳಿಕೆ ಮದ್ದು ಹಾರಿಸಿ ಮಲಗಿಸಿ, ಆರೈಕೆ ಕೇಂದ್ರಕ್ಕೆ ಸಾಗಿಸಲು ನಾನೂ ಗಣಪತಿಯೂ ಬಂದಿದ್ದೆವು.

ಬಂದೂಕು ಎಂದು ಕೇಳಿಯೇ ಮಂಜಪ್ಪ ಹೆದರಿಬಿಟ್ಟಿದ್ದರು. ನಾವು ತಲುಪುವ ಮೊದಲೇ, ಎತ್ತಿಗೆ ಹಾಕುವಂತೆ ಅದರ ಎಡಗೊಂಬಿಗೆ ಹಗ್ಗ ಬಿಗಿದಿದ್ದರು.

"ಕೊಂಬಿಗೆ ಹಗ್ಗ ಬಿದ್ರೆ ಎಂಥಾ ಹೋರಿನೂ ನಿಲ್ತದೆ ಸಾರ್. ಗುಂಡು ಹೊಡೀಬೇಡಿ. ನಾ ಹಿಡ್ಕಂತೀನಿ, ಸೂಜಿ ಚುಚ್ಚಿ."

ಶಾರದಮ್ಮ ಕುಂಟುತ್ತ ಬಾಗಿಲಿಗೆ ಬಂದರು. "ನನ್ ತೊಡೆ ಸಿಗಿದಾಗ ಇಷ್ಟು ಮರುಗ್ಲಿಲ್ಲ ನೋಡಿ ಡಾಕ್ಟ್ರೇ, ಇವ್ರು!"

ಗಣಪತಿ ಗಟ್ಟಿಯಾಗಿ ನಕ್ಕ. "ಹಗ್ಗ ಬಿಚ್ಚಿ, ಅದು ದನ ಅಲ್ಲ" ಎಂದು ನಾನು ಹೇಳುವಷ್ಟರಲ್ಲಿ ಜಿಂಕೆ ಬೆದರಿ ಹಿಂದಕ್ಕೆ ಜಗ್ಗಿತು. ಕೊಂಬು ಬುಡಸಮೇತ ಕಳಚಿ ಹಗ್ಗದಲ್ಲೇ ಉಳಿಯಿತು. ನೆತ್ತಿಯಲ್ಲಿ ಬಿಲ್ಲೆಯಷ್ಟು ಅಗಲದ ರಕ್ತ ಹೊತ್ತು ಜಿಂಕೆ ಗದ್ದೆಗೆ ಹಾರಿತು. ಊರ ನಾಯಿಗಳು ಬೆನ್ನಟ್ಟಿದವು.

ಮಧ್ಯಾಹ್ನ ಹಳ್ಳದ ದಂಡೆಯಲ್ಲಿ ಸಿಕ್ಕಿತು. ಮೈಮೇಲೆ ಕಚ್ಚಿದ ಗಾಯ ಒಂದೂ ಇರಲಿಲ್ಲ, ಆದರೆ ಕಾಲುಗಳು ಸೆಟೆದಿದ್ದವು. ಇದನ್ನು ಕ್ಯಾಪ್ಚರ್ ಮಯೋಪತಿ ಎನ್ನುತ್ತೇವೆ. ವಿಪರೀತ ಭಯ ಮತ್ತು ಓಟದಿಂದ ಸ್ನಾಯುಗಳೇ ಒಡೆದು ರಕ್ತಕ್ಕೆ ವಿಷವಾಗುವುದು. ಡ್ರಿಪ್ ಹಾಕಿದೆ. ಸಂಜೆಗೆ ಮಂಜಪ್ಪನವರ ತೊಡೆಯ ಮೇಲೆ ತಲೆಯಿಟ್ಟು ಪ್ರಾಣ ಬಿಟ್ಟಿತು.

"ನಾನೇ ಕೊಂಬು ಕಿತ್ತು ಕೊಂದೆ ಸಾರ್."

ಹಾಗಲ್ಲವೆಂದು ವಿವರಿಸಿದೆ. ದನದ ಕೊಂಬು ಜೀವಮಾನಕ್ಕೆ ಒಮ್ಮೆಯೇ ಮೂಡುವುದು. ಗಂಡು ಜಿಂಕೆ ಮಾತ್ರ ವರ್ಷಕ್ಕೊಮ್ಮೆ ಉದುರಿಸುತ್ತದೆ. ಬೆದೆ ಮುಗಿದು ಟೆಸ್ಟೋಸ್ಟಿರಾನ್ ಎಂಬ ಹಾರ್ಮೋನು ಇಳಿದಾಗ, ಬುಡದ ಮೂಳೆ ತಾನಾಗಿ ಸಡಿಲವಾಗುತ್ತದೆ. ಆಮೇಲೆ ಮಖಮಲ್ಲಿನಂಥ ತೊಗಲು ಹೊದ್ದು ಹೊಸದು ಚಿಗುರುತ್ತದೆ. ನಮ್ಮ ಕಡೆಯ ಚುಕ್ಕೆ ಜಿಂಕೆಗಳಿಗೆ ಇದಕ್ಕೆ ಇಂಥದೇ ತಿಂಗಳೆಂದಿಲ್ಲ, ಒಂದೊಂದಕ್ಕೆ ಒಂದೊಂದು ಕಾಲ. ಇದರ ಕೊಂಬು ಬೀಳುವ ಹೊತ್ತು ಬಂದಿತ್ತು.

"ಸಮಾಧಾನಕ್ಕೆ ಹೇಳ್ತೀರಿ ನೀವು," ಎಂದರು ಮಂಜಪ್ಪ. ಜಿಂಕೆಯ ಕತ್ತು ಸವರುತ್ತ, "ಕಟ್ಟದೇ ಇದ್ರೆ ಬದುಕ್ತಿತ್ತಾ?"

ನಾನು ವರದಿಯ ಹಾಳೆ ತೆಗೆದೆ. ಶವಪರೀಕ್ಷೆ ಸಾವಿನ ಕಾರಣ ಹೇಳುತ್ತದೆ, ಸಾಕಿದವರ ಪ್ರಶ್ನೆಗೆ ಅಲ್ಲಿ ಜಾಗವಿಲ್ಲ. ಪ್ರಾಣಿಯನ್ನು ಮುಟ್ಟುವ ಮೊದಲು ಅದನ್ನು ಪ್ರೀತಿಸುವವರ ಭಯವನ್ನು ಕೂತು ಕೇಳಬೇಕೆಂದು ನನಗೆ ಕಲಿಸಿದ್ದು ಆ ದಿನ.

ಮರುದಿನ ಇಲಾಖೆಯ ನಿಯಮದಂತೆ ದಹನ. ಚಿತೆಯ ಮೇಲಿಡಲು ಗಣಪತಿ ಕಾಲು ಹಿಡಿದ, ಮಂಜಪ್ಪ ತಲೆಗೆ ಕೈಕೊಟ್ಟರು. ಬಲಗೊಂಬು, ಹಣ್ಣು ತೊಟ್ಟು ಕಳಚಿದಂತೆ, ಅವರ ಅಂಗೈಗೆ ಬಂತು. ಅವರು ಅದನ್ನೇ ನೋಡುತ್ತ ನಿಂತರು.

"ಇನ್ನೊಂದು ದಿನ ಕಾದಿದ್ರೆ ಎರಡೂ ತಾವಾಗೇ ಬಿದ್ದೋಗ್ತಿದ್ವು, ಕಟ್ಟೋಕೆ ಕೊಂಬೇ ಇರ್ತಿರ್ಲಿಲ್ಲ ಅಲ್ವಾ ಸಾರ್," ಎಂದು ಕೊಂಬನ್ನು ಜಿಂಕೆಯ ಪಕ್ಕದಲ್ಲಿಟ್ಟರು. ಗಣಪತಿ ಬೆಂಕಿ ಕೊಟ್ಟ.