ಮಳೆಗಾಲಕ್ಕೊಂದು ಚಮಚ ಎಣ್ಣೆ

ಕಾರವಾರದ ಹಬ್ಬುವಾಡದ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ, ಮೊಳೆಯೊಂದಕ್ಕೆ ದಾರ ಕಟ್ಟಿ ತೂಗುಹಾಕಿದ ಒಂದು ಟೀ ಸ್ಪೂನ್ ಇದೆ. ನನ್ನ ಮದುವೆಗೆ ಬಂದ ಟೀ ಸೆಟ್ಟಿನ ಕೊನೆಯ ಕುಡಿ ಅದು. ಅದರ ಅಕ್ಕತಂಗಿಯರು ಬಾವಿಕಟ್ಟೆ, ಪಿಕ್‌ನಿಕ್ಕು, ಪಕ್ಕದ ಮನೆ ಎಂದು ಒಬ್ಬೊಬ್ಬರಾಗಿ ಕಾಣೆಯಾದ ಮೇಲೆ ಒಂಟಿಯಾಗಿ ಉಳಿದ ಈ ಚಮಚ, ಸಕ್ಕರೆಯ ರುಚಿ ಮರೆತು ಎಷ್ಟೋ ವರ್ಷಗಳಾದವು. ಈಗ ಅದರ ಆಹಾರ ಇಂಜಿನ್ ಆಯಿಲ್. ಅದೂ ವರ್ಷಕ್ಕೆ ಒಂದೇ ಹೊತ್ತು.

ಶೆಡ್ಡು ಒಂದು, ಅದರಲ್ಲಿ ಯಂತ್ರಗಳು ಎರಡಿದ್ದವು. ಒಂದು ಇವರ ಮೋಟಾರ್‌ಸೈಕಲ್. ಇವರು ಎಂದರೆ, ಬಂದರು ಕಚೇರಿಯಿಂದ ನಿವೃತ್ತರಾದರೂ ಮನೆಯಲ್ಲಿ ಇನ್ನೂ ಹಡಗು ಕಾಯುವವರಂತೆ ಬಾಗಿಲಲ್ಲಿ ಕೂರುವ ನನ್ನ ಯಜಮಾನರು. ಇನ್ನೊಂದು, ವರ್ಗವಾಗಿ ಹೋದ ಯಾವುದೋ ಸಾಹೇಬರ ಬಂಗಲೆಯಿಂದ ಇವರೇ ತಂದ ಲಾನ್ ಮೂವರ್, ಹುಲ್ಲು ಕತ್ತರಿಸುವ ಯಂತ್ರ. ಅದರ ಜೊತೆಗೆ ಬಂದ ಇಂಗ್ಲಿಷ್ ಪುಸ್ತಿಕೆಯನ್ನು, ಕಾನ್ವೆಂಟಿನಲ್ಲಿ ಓದಿದವಳೆಂಬ ಒಂದೇ ಅರ್ಹತೆಯ ಮೇಲೆ ನನಗೆ ಒಪ್ಪಿಸಲಾಯಿತು. ಅದರಲ್ಲಿ 'ವಿಂಟರ್ ಸ್ಟೋರೇಜ್' ಎಂಬ ಗಂಭೀರವಾದ ಅಧ್ಯಾಯವೊಂದಿದೆ. ಚಳಿಗಾಲಕ್ಕೆ ಮುನ್ನ ಯಂತ್ರವನ್ನು ತೊಳೆದು, ಒರೆಸಿ, ಪೆಟ್ರೋಲ್ ಬಸಿದು, ಮುಸುಕು ಹೊದಿಸಿ ಮಲಗಿಸತಕ್ಕದ್ದಂತೆ. ಕಾರವಾರದ ಚಳಿಗಾಲವೆಂದರೆ ಫ್ಯಾನನ್ನು ನಾಲ್ಕರಿಂದ ಎರಡಕ್ಕೆ ಇಳಿಸುವ ಕಾಲ. ಅಷ್ಟಕ್ಕೆಲ್ಲ ಯಾರು ಮುಸುಕು ಹೊದೆಯುತ್ತಾರೆ, ನೀವೇ ಹೇಳಿ. ನಮ್ಮ ನಿಜವಾದ ವಿಂಟರ್ ಮಳೆಗಾಲ. ಉಪ್ಪುಗಾಳಿಯೂ ಮಳೆಯೂ ಕೂಡಿಕೊಂಡು ಕಬ್ಬಿಣವನ್ನು ಹಪ್ಪಳದ ಹಾಗೆ ಉಬ್ಬಿಸಿ ಉದುರಿಸುವ ಕಾಲ ಅದು. ಆಗ ಮೋಟಾರ್‌ಸೈಕಲ್ ಮಲಗಬೇಕಿತ್ತು. ಆದರೆ ಹುಲ್ಲು ಏಳುವುದೂ ಆಗಲೇ ಆದ್ದರಿಂದ, ಬೇಸಿಗೆಯಿಡೀ ಮಲಗಿದ್ದ ಮೂವರ್ ಎದ್ದು ಜಗಲಿಗೆ ಬರುತ್ತಿತ್ತು. ಅದು ತೆರವು ಮಾಡಿದ ಜಾಗಕ್ಕೆ ಬೈಕು ಹೋಗುತ್ತಿತ್ತು. ಬೈಕಿನ ಟ್ಯಾಂಕಿನಿಂದ ನಳಿಗೆಯಲ್ಲಿ ಬಸಿದ ಪೆಟ್ರೋಲನ್ನು ಮೂವರ್ ಯಂತ್ರಕ್ಕೆ ಕುಡಿಸುತ್ತಿದ್ದೆವು. ಒಬ್ಬನ ರಾತ್ರಿಯೂಟದ ಉಳಿಕೆ ಇನ್ನೊಬ್ಬನ ಬೆಳಗಿನ ತಿಂಡಿ.

ಎಣ್ಣೆಯ ಚಮಚ ಮಾತ್ರ ಪುಸ್ತಿಕೆಯದ್ದಲ್ಲ, ಬೆಳಂಬಾರದ ಸೋಮಣ್ಣನದು. ನಾನು ಅಂಕೋಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗ ಅವನು ನನ್ನ ವಿದ್ಯಾರ್ಥಿ, ನಾನು ಅವನ ಟೀಚರು, ಅಂದರೆ 'ಅಕ್ಕೋರು'. ಅವನನ್ನು ಇಂಗ್ಲಿಷಿನಲ್ಲಿ ಪಾಸು ಮಾಡಿಸಲು ನನ್ನಿಂದಾಗಲಿಲ್ಲ. ಇಂಜಿನ್ನಿನಲ್ಲಿ ನನ್ನನ್ನು ಅವನು ಪಾಸು ಮಾಡಿಸಿದ. ಈಗ ಮೊಮ್ಮಕ್ಕಳನ್ನು ಕಂಡಿರುವ ಮೀನುಗಾರ. ಮಳೆಗೆ ದೋಣಿ ದಡ ಹತ್ತಿದೊಡನೆ ಅದರ ಇಂಜಿನ್ ಬಿಚ್ಚಿ, ಸಿಹಿನೀರಿನಲ್ಲಿ ಮೀಯಿಸಿ, ಎಣ್ಣೆ ಬಿಟ್ಟು ಮಲಗಿಸುತ್ತಾನೆ. ನಮಗೂ ಅದನ್ನೇ ಹೇಳಿಕೊಟ್ಟ. "ಪ್ಲಗ್ ಬಿಚ್ಚಿ ಒಂದು ಚಮಚ ಎಣ್ಣೆ ಬಿಡಿ ಅಕ್ಕೋರೆ, ಎರಡು ಸಲ ಮೆಲ್ಲಗೆ ಕಿಕ್ ಮಾಡಿ. ಇಲ್ದಿದ್ರೆ ಪಿಸ್ಟನ್ ಹಿಡ್ಕಂಡು ಕೂತ್ಬಿಡ್ತದೆ. ಮತ್ತೆ ನಿಮ್ಮ ಛಡಿಗೂ ಏಳೂದಿಲ್ಲ."

ಇವರ ಕೈ ನಡುಗತೊಡಗಿದ ಮೇಲೆ ಆ ಚಮಚ ಹಿಡಿಯುವ ಕೆಲಸ ನನಗೆ ಬಂತು.

ಪ್ರತಿ ವರ್ಷ ಬೈಕು ಮಲಗುವ ಮೊದಲು ಕೊನೆಯ ಸವಾರಿಯೊಂದಿರುತ್ತಿತ್ತು. ಮೇ ತಿಂಗಳ ಕೊನೆಗೆ ಬೆಳಂಬಾರಕ್ಕೆ ಹೋಗಿ ಸೋಮಣ್ಣನ ಮನೆಯಿಂದ ಮಳೆಗಾಲಕ್ಕೆ ಬೇಕಾದ ಒಣಮೀನು ತರುವುದು. ಇವರು ಮುಂದೆ, ನಾನು ಹಿಂದೆ, ನಮ್ಮಿಬ್ಬರ ನಡುವೆ ಚೀಲ. ಬರುವಾಗಿನ ಪರಿಮಳಕ್ಕೆ ಹಿಂದಿನ ಕಾರಿನವರು ತಾವಾಗಿಯೇ ಅಂತರ ಕಾಯುತ್ತಿದ್ದರು. ಕಳೆದ ವರ್ಷ ಹೋಗುವಾಗ ಹಟ್ಟಿಕೇರಿಯ ಹತ್ತಿರ ಇವರು ಬೈಕನ್ನು ರಸ್ತೆಯಂಚಿಗೆ ನಿಲ್ಲಿಸಿ, ಕತ್ತು ಚಾಚಿ, ಬಹಳ ಸಹಜವಾದ ದನಿಯಲ್ಲಿ ಕೇಳಿದರು: "ಆ ಲಾರಿ ಬರ್ತಾ ಉಂಟಾ, ಹೋಗ್ತಾ ಉಂಟಾ?"

ಲಾರಿ ನಿಂತಿತ್ತು. ಡ್ರೈವರ್ ಕೆಳಗಿಳಿದು ಚಹಾ ಕುಡಿಯುತ್ತಿದ್ದ.

ನಗಬೇಡಿ, ನಾನು ಆಗ ನಗಲಿಲ್ಲ. ಇನ್ನು ಗಾಡಿ ಓಡಿಸಬೇಡಿ ಎಂದು ಕಣ್ಣಿನ ಡಾಕ್ಟರು ಅದಾಗಲೇ ಹೇಳಿದ್ದರು. ಮಳೆ ಕಳೆಯಲಿ, ನೋಡುವಾ ಎಂದು ಇವರು ಉತ್ತರಿಸಿದ್ದರು. ನೋಡುವುದೇ ಕಷ್ಟವಾದವರ ಉತ್ತರ ಅದು. ನಾನು ಬಾಯಿಬಿಟ್ಟು ಹೇಳಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಜಗಳಕ್ಕೆ ಕೊಂಕಣಿ, ರಾಜಿಗೆ ಕನ್ನಡ. ಇಂಥ ಮಾತಿಗೆ ಯಾವ ಭಾಷೆಯೆಂದು ಇನ್ನೂ ಗೊತ್ತುಮಾಡಿಕೊಂಡಿರಲಿಲ್ಲ. ಅಂಕೋಲೆಯ ಬಸ್ಸು ತಪ್ಪದಂತೆ ಅಷ್ಟು ವರ್ಷ ಬೆಳಿಗ್ಗೆ ಬೆಳಿಗ್ಗೆ ಅದೇ ಬೈಕಿನಲ್ಲಿ ನನ್ನನ್ನು ಸ್ಟ್ಯಾಂಡಿಗೆ ಮುಟ್ಟಿಸಿದ ಮನುಷ್ಯನಿಗೆ, ಇನ್ನು ಸಾಕು ಕೆಳಗಿಳಿಯಿರಿ ಎಂದು ಹೇಗೆ ಹೇಳುವುದು?

ಆದ್ದರಿಂದ ಹೇಳದೆ ಮಾಡುವ ದಾರಿ ಹುಡುಕಿದೆ. ಜೂನ್ ಮೊದಲ ವಾರ, ಪೆಟ್ರೋಲ್ ಬಸಿದಾಯಿತು, ಹೊಳೆಯುವ ಭಾಗಗಳಿಗೆಲ್ಲ ತೆಂಗಿನೆಣ್ಣೆ ಸವರಿದ್ದಾಯಿತು, ಹೊಗೆಕೊಳವೆಗೆ ಬಟ್ಟೆ ತುರುಕಿದ್ದಾಯಿತು. ಪ್ಲಗ್ ಬಿಚ್ಚಿ ಚಮಚ ತುಂಬಿಸಿಕೊಂಡ ನಾನು, ಅದನ್ನು ಇಂಜಿನ್ನಿನ ಬಾಯಿಗೆ ಬಿಡುವ ಬದಲು ಅಂಗೈಯಲ್ಲಿದ್ದ ಚಿಂದಿಬಟ್ಟೆಗೆ ಬಗ್ಗಿಸಿಬಿಟ್ಟೆ. "ಬಿತ್ತಾ?" ಎಂದರು. "ಬಿತ್ತು" ಎಂದೆ. ಬಟ್ಟೆಗೆ ಬಿದ್ದದ್ದು ಸುಳ್ಳೇನಲ್ಲವಲ್ಲ. ನವರಾತ್ರಿ ಕಳೆಯುವಷ್ಟರಲ್ಲಿ ಪಿಸ್ಟನ್ ತುಕ್ಕು ಹಿಡಿದು ಕೂರುತ್ತದೆ, ಬೈಕು ತಾನಾಗಿಯೇ ಬೇಡವೆನ್ನುತ್ತದೆ, ನಾನು ಕೆಟ್ಟವಳಾಗುವುದಿಲ್ಲ ಎಂಬುದು ನನ್ನ ಲೆಕ್ಕ.

ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಹೇಳುತ್ತಿದ್ದರು, ಮಾಡಿದ ಪಾಪದ ಹಾಗೆಯೇ ಮಾಡದೆ ಬಿಟ್ಟ ಪಾಪವೂ ಒಂದುಂಟು, ಅದು 'ಸಿನ್ ಆಫ್ ಒಮಿಷನ್' ಎಂದು. ಕ್ರಿಶ್ಚಿಯನ್ ಗೆಳತಿಯರು ಶನಿವಾರ ಚರ್ಚಿಗೆ ಹೋಗಿ ಪಾಪ ಒಪ್ಪಿಸಿ ಹಗುರಾಗಿ ಬರುತ್ತಿದ್ದರು. ನಮಗೆ ಆ ಸೌಕರ್ಯವಿರಲಿಲ್ಲ, ನನ್ನವು ಹಾಗೆಯೇ ಉಳಿದುಕೊಂಡಿವೆ. ಮಳೆ ಹಿಡಿಯಿತು, ಹುಲ್ಲು ಮೊಣಕಾಲಿಗೆ ಬಂತು. ಅಂಗಳದಲ್ಲಿ ಇವರು ಮೂವರ್ ಯಂತ್ರವನ್ನು ತಳ್ಳಿಕೊಂಡು, ಹೂವು ಹುಲ್ಲುಗಳನ್ನು ಸಮದೃಷ್ಟಿಯಿಂದ ಕತ್ತರಿಸುತ್ತ ಹೋಗುವಾಗಲೆಲ್ಲ, ಅದರ ಹೊಟ್ಟೆಯೊಳಗಿಂದ ಬೈಕಿನ ಪೆಟ್ರೋಲ್ ನನ್ನನ್ನೇ ಬಯ್ಯುತ್ತಿದೆ ಅನ್ನಿಸುತ್ತಿತ್ತು.

ಹದಿನೈದು ದಿನ ತಡೆದೆ. ಒಂದು ಮಧ್ಯಾಹ್ನ ಇವರು ಊಟ ಮಾಡಿ ಅಡ್ಡಾದಾಗ ಶೆಡ್ಡಿಗೆ ಹೋಗಿ ಮುಸುಕು ಸರಿಸಿದೆ. ಪ್ಲಗ್ ಬಿಗಿಯಾಗಿರಲಿಲ್ಲ. ಅದರ ತಿರುಪೆಲ್ಲ ಎಣ್ಣೆಯಲ್ಲಿ ತೊಯ್ದಿತ್ತು. ಇಂಜಿನ್ನಿನ ಮೇಲೆ, ಟ್ಯಾಂಕಿನ ಮೇಲೆ, ಕೊನೆಗೆ ಸೀಟಿನ ಮೇಲೂ ಸಣ್ಣ ಸಣ್ಣ ಎಣ್ಣೆಯ ಹನಿಗಳು. ಅಷ್ಟು ದೂರ ಎಣ್ಣೆ ಚೆಲ್ಲಬಲ್ಲ ಕೈ ನಮ್ಮ ಮನೆಯಲ್ಲಿ ಒಂದೇ. ಲಾರಿ ಕಾಣದ ಕಣ್ಣಿಗೆ ನನ್ನ ಅಂಗೈಯ ಚಿಂದಿಬಟ್ಟೆ ಕಂಡಿತ್ತು.

ನನ್ನ ಪಾಲಿನ ಚಮಚ ಎಣ್ಣೆಯನ್ನೂ ಒಳಗೆ ಬಿಟ್ಟು, ಪ್ಲಗ್ ಬಿಗಿಮಾಡಿ, ಮುಸುಕೆಳೆದು ಬಂದೆ.

ಗಣೇಶ ಚೌತಿ ಕಳೆದ ಮೇಲೆ ಒಂದು ದಿನ ಚಹಾದ ಹೊತ್ತಿಗೆ, ಬೈಕನ್ನು ಸೋಮಣ್ಣನಿಗೆ ಕೊಟ್ಟುಬಿಡುವಾ ಎಂದು ಇವರೇ ಮಾತು ತೆಗೆದರು. ಹಟ್ಟಿಕೇರಿಯಲ್ಲಿಯೇ ನಿಶ್ಚಯಿಸಿದ್ದರಂತೆ. ಬಸಿಯಲ್ಲಿ ಚಹಾ ಆರಿಸುತ್ತ ಅಂದರು: "ಕಣ್ಣು ಹೋದದ್ದು ನನ್ನದು. ಅದರದ್ದಲ್ಲವಲ್ಲ."

ನವರಾತ್ರಿಯ ನಂತರ ಸೋಮಣ್ಣ ಬಸ್ಸಿನಲ್ಲಿ ಬಂದು, ಹೊಗೆಕೊಳವೆಯ ಬಟ್ಟೆ ಕಿತ್ತು, ಟ್ಯಾಂಕಿಗೆ ಪೆಟ್ರೋಲ್ ಹಾಕಿದ. ಎರಡು ಕಿಕ್ಕಿಗೆ ಬೈಕು ಏಳಲಿಲ್ಲ. ಇವರ ಮುಖ ಸಣ್ಣದಾಯಿತು, ನನ್ನದೂ. ಮೂರನೆಯದಕ್ಕೆ ಎದ್ದಿತು. ಎದ್ದದ್ದೇ ತಡ, ಅಂಗಳವೇ ಕಾಣದಷ್ಟು ಬಿಳಿ ಹೊಗೆ. ತುಳಸಿಕಟ್ಟೆ ಮಾಯವಾಯಿತು, ಸೋಮಣ್ಣ ಮಾಯವಾದ. ಕೆಮ್ಮುತ್ತಿದ್ದ ಅವನ ದನಿ ಮಾತ್ರ ಕೇಳಿತು: "ಎಂತ ಅಕ್ಕೋರೆ, ಡಬ್ಬಿಯನ್ನೇ ಬಗ್ಗಿಸಿದ್ರಾ?"

ಹೊಗೆಯೊಳಗೆ ಇವರು ನನ್ನ ಕಡೆ ತಿರುಗಿದರು. ಆ ಕಣ್ಣಿಗೆ ನಾನೂ ಆ ಹೊಗೆಯೂ ಒಂದೇ ಆಗಿದ್ದಿರಬೇಕು. ಕಿವಿಯ ಹತ್ತಿರ ಬಂದು ಮೆಲ್ಲಗೆ ಅಂದರು: "ಒಂದು ಚಮಚಕ್ಕೆ ಇಷ್ಟು ಹೊಗೆ ಬರೂದಿಲ್ಲ."

ಇನ್ನು ಒಣಮೀನು ತಾನೇ ತಂದುಕೊಡುತ್ತೇನೆಂದು ಹೇಳಿ ಸೋಮಣ್ಣ ಹೊರಟುಹೋದ. ಹೆದ್ದಾರಿ ಸೇರುವವರೆಗೂ ಸದ್ದನ್ನು ಕೇಳುತ್ತ ನಿಂತ ಇವರು, ಆಮೇಲೆ ಮಲಗಿಸಲೆಂದು ಮೂವರ್ ಯಂತ್ರವನ್ನು ಶೆಡ್ಡಿಗೆ ತಳ್ಳಿಕೊಂಡು ಬಂದರು. ಇಷ್ಟು ವರ್ಷ ಅದನ್ನು ತೊಳೆದು ಒರೆಸಿ ಮೂಲೆಗೆ ತಳ್ಳುತ್ತಿದ್ದೆವೇ ಹೊರತು ಎಣ್ಣೆಯ ಮರ್ಯಾದೆ ಮಾಡಿರಲಿಲ್ಲ. ನಾನು ಮೊಳೆಯಿಂದ ಚಮಚ ತೆಗೆದೆ. ಮತ್ತೆ ಚಿಂದಿಬಟ್ಟೆಗೆ ಹೋದೀತೆಂಬ ಸಂಶಯಕ್ಕೋ ಏನೋ, ಇವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಇವರ ನಡುಕ ನನ್ನ ಕೈಗೂ ಇಳಿದು ಚಮಚ ಕುಣಿಯಿತು. ಅರ್ಧ ಎಣ್ಣೆ ಒಳಗೆ ಹೋಯಿತು, ಅರ್ಧ ನನ್ನ ಸೀರೆಗೆ.

"ಬಿತ್ತಾ?" ಎಂದರು.

ಎಷ್ಟು ಬಿತ್ತು, ಎಲ್ಲಿ ಬಿತ್ತು, ಎಲ್ಲವನ್ನೂ ಈ ಸಲ ಸರಿಯಾಗಿ ಹೇಳಿದೆ.