ಉಳ್ಳಾಗಡ್ಡಿದಷ್ಟ ಕೇಳ್ರಿ

ನಮ್ಮ ವೈನಿಯ ಕೀಬೋರ್ಡಿನಲ್ಲಿ ನಾಲ್ಕಾರು ಗುಂಡಿಗಳು ಸದಾ ಹಳದಿ. ಒಗ್ಗರಣೆ ಹಾಕಿ, ಕೈ ಸರಿಯಾಗಿ ಒರೆಸಿಕೊಳ್ಳುವಷ್ಟೂ ವ್ಯವಧಾನವಿಲ್ಲದೆ ಬಂದು ಕೂರುತ್ತಿದ್ದರು. ಅರಿಸಿನದ ಬೆರಳು ಎಲ್ಲಿ ಹೆಚ್ಚು ಬೀಳುತ್ತಿತ್ತೋ ಆ ಅಕ್ಷರಕ್ಕೆ ಬಣ್ಣ. ಅಣ್ಣ ಗೊಣಗಿದರೆ, "ನಿಮ್ಮ ಪಲ್ಯಾದಾಗ ಗುಂಡಿ ಬಿದ್ದಿಲ್ಲಲ್ಲ, ಸುಮ್ನ ಉಣ್ರಿ" ಎನ್ನುತ್ತಿದ್ದರು.

ಅಣ್ಣನ ಹೆಂಡತಿಯನ್ನು ನಮ್ಮ ಕಡೆ ವೈನಿ ಎಂದೇ ಕರೆಯುವುದು. ತೊಂಬತ್ತರ ದಶಕದ ಕೊನೆಗೆ ಸಪ್ತಾಪುರದ ನಮ್ಮ ಮನೆಗೆ ಬಂದಾಗ ಅವರು ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು. ಆಮೇಲೆ ಅದನ್ನು ಬಿಟ್ಟು, ಮನೆಯ ಮುಂದಿನ ಖೋಲಿಯಲ್ಲೇ ವೆಬ್‌ಸೈಟ್ ಮಾಡಿಕೊಡಲು ಶುರು ಮಾಡಿದರು.

ನಾನು ತುಮಕೂರಿನ ಗಂಡನ ಮನೆಯಿಂದ ನಾಲ್ಕು ವರ್ಷಕ್ಕೆ ತಿರುಗಿ ಬಂದೆ. ಯಾಕೆಂಬುದು ಇಲ್ಲಿ ಬೇಡ. ಬಂದವಳು ಮುಂದಿನ ಖೋಲಿಗೆ ಕಾಲಿಡುವುದನ್ನೇ ಬಿಟ್ಟೆ. ಗೇಟಿನ ಸಪ್ಪಳವಾದರೆ ಹಿತ್ತಲಿಗೆ ಓಡುತ್ತಿದ್ದೆ. ಬಂದವರೆಲ್ಲ ಕೇಳುತ್ತಿದ್ದುದು ಒಂದೇ: "ವಾಪಸ್ ಯಾವಾಗ ಹೊಂಟಿ?" ಒಂದು ದಿನ ವೈನಿ ಹಿತ್ತಲಿಗೇ ಬಂದರು. "ಬಿಎಸ್ಸಿ ಮಾಡೀಯಲ್ಲ, ಇಲ್ಲಿ ನಿಂತು ಏನ ಎಣಸ್ತಿ? ಬಾ ಒಳಗ."

ಆಗ ಅಮರಗೋಳದ ಮಾರುಕಟ್ಟೆಯ ಕೆಲವು ವ್ಯಾಪಾರಿಗಳು ದಿನದ ದರ ತೋರಿಸುವ ವೆಬ್‌ಸೈಟ್ ಕೇಳಿದ್ದರು. ವೈನಿ ಅದನ್ನು ಒಂದೇ ದೊಡ್ಡ ಗಂಟು ಮಾಡಲಿಲ್ಲ. ವೆಬ್‌ಸೈಟ್ ಕಟ್ಟಲೆಂದು ಆಗಷ್ಟೇ ಬಂದಿದ್ದ ಒಂದು ಫ್ರೇಮ್‌ವರ್ಕಿನಲ್ಲಿ ಹತ್ತಿಗೊಂದು ಚಿಕ್ಕ ಅಪ್ಲಿಕೇಶನ್, ಮೆಣಸಿನಕಾಯಿಗೊಂದು, ಈರುಳ್ಳಿಗೊಂದು. ಇವೆಲ್ಲದರ ಮುಂದೆ ಒಂದು ಮುಖ್ಯ ಅಪ್ಲಿಕೇಶನ್. ಈರುಳ್ಳಿಯದನ್ನು ನನಗೆ ಕೊಟ್ಟರು. ಯಾರಾದರೂ ಪುಟ ಕೇಳಿದರೆ ಮುಖ್ಯದ್ದು ವಿಳಾಸದ ಮೊದಲ ಪದ, ಹತ್ತಿಯೋ ಈರುಳ್ಳಿಯೋ, ಅಷ್ಟನ್ನು ಮಾತ್ರ ನೋಡುತ್ತದೆ, ಅದನ್ನು ಕತ್ತರಿಸಿ ತನ್ನಲ್ಲಿಟ್ಟುಕೊಂಡು ಉಳಿದದ್ದನ್ನು ಒಳಗಿನ ಆ ಚಿಕ್ಕದಕ್ಕೆ ದಾಟಿಸುತ್ತದೆ ಎಂದು ವಿವರಿಸಿದರು. ನನಗೆ ತಲೆಬುಡ ತಿಳಿಯಲಿಲ್ಲ.

"ಗೇಟಿನ್ಯಾಗ ನಾ ಏನ ಕೇಳ್ತೇನಿ?" ಎಂದರು ವೈನಿ. "ಮ್ಯಾಲಿನವ್ರು ಬೇಕೋ ಕೆಳಗಿನವ್ರೋ, ಅಷ್ಟ. ಮ್ಯಾಲೆ ಯಾವ ಖೋಲಿ, ಯಾಕ ಬಂದೀರಿ, ಅದೆಲ್ಲಾ ನನಗ್ಯಾಕ? ಮ್ಯಾಲಿನವ್ರು ನೋಡ್ಕೋತಾರ."

ಇದು ಖರೆ. ಮಹಡಿಯ ಮೇಲೆ ಯೂನಿವರ್ಸಿಟಿ ಹುಡುಗಿಯರು ಬಾಡಿಗೆಗಿದ್ದರು. ಅವರ ಸುದ್ದಿ ಕೆದಕಲು ಬಂದ ಓಣಿಯ ಹೆಂಗಸರಿಗೆಲ್ಲ ವೈನಿಯ ಉತ್ತರ "ಮ್ಯಾಲಿಂದು ಮ್ಯಾಲೆ ಕೇಳ್ರಿ". ಹಾಗಾಗಿ ಓಣಿಯಲ್ಲಿ ಅವರಿಗೆ ಸೊಕ್ಕಿನವಳೆಂಬ ಹೆಸರಿತ್ತು. ಒಳಗಿನ ಅಪ್ಲಿಕೇಶನ್ ತನ್ನನ್ನು ಯಾವ ಹೆಸರಿನ ಕೆಳಗೆ ಕೂರಿಸಿದ್ದಾರೆಂದು ಬಾಯಿಪಾಠ ಮಾಡಿಟ್ಟುಕೊಳ್ಳಬಾರದು, ಬೇಕಾದಾಗ ಮುಖ್ಯದ್ದನ್ನು ಕೇಳಬೇಕು ಎಂದೂ ವೈನಿ ಹೇಳಿದ್ದರು. ನಾನು ಹೂಂ ಎಂದು, ನನ್ನ ಪ್ರತಿ ಲಿಂಕಿನಲ್ಲೂ ಈರುಳ್ಳಿಯೆಂಬ ಹೆಸರನ್ನೇ ಬರೆದಿದ್ದೆ.

ವ್ಯಾಪಾರಿಗಳು ನೋಡಲು ಬಂದ ಸಂಜೆ ವೈನಿ ನನ್ನನ್ನು ಎಳೆದು ತಂದು ಕಂಪ್ಯೂಟರಿನ ಮುಂದೆ ಕೂರಿಸಿದರು. ಬಿಳಿ ಟೊಪ್ಪಿಗೆಯ ಹಿರಿಯರೊಬ್ಬರು ಪರದೆಗೆ ಮುಖ ತಂದು ವಿಳಾಸ ಓದಿದರು. "ಇದೇನ್ರಿ ಈರುಳ್ಳಿ? ನಮ್ಮ ಅಂಗಡಿಗೆ ಬರೂದು ಉಳ್ಳಾಗಡ್ಡಿ. ಹಂಗ ಬರೀರಿ."

ನನ್ನ ಮುಖ ಸುಟ್ಟಂತಾಯಿತು. ತುಮಕೂರಿನಲ್ಲಿ ನಾಲ್ಕು ವರ್ಷ ಅಂದು ಅಂದು ನನ್ನ ಬಾಯಿಗೆ ಈರುಳ್ಳಿಯೇ ಅಂಟಿತ್ತು. ವೈನಿ ಮುಖ್ಯ ಅಪ್ಲಿಕೇಶನ್ನಿನಲ್ಲಿ ಒಂದು ಸಾಲು ತಿದ್ದಿದರು. ಮೊದಲ ಪುಟ ಉಳ್ಳಾಗಡ್ಡಿಯೆಂದು ಚೆಂದ ತೆರೆಯಿತು. 'ನಿನ್ನೆಯ ದರ' ಒತ್ತಿದೆ. ಪುಟ ಸಿಗಲಿಲ್ಲ. ಇನ್ನೊಂದು ಒತ್ತಿದೆ. ಅದೂ ಇಲ್ಲ. ನನ್ನ ಲಿಂಕುಗಳೆಲ್ಲ ಹಳೆಯ ಹೆಸರನ್ನೇ ಹುಡುಕಿಕೊಂಡು ಹೋಗುತ್ತಿದ್ದವು, ಆ ಹೆಸರಿನ ಬಾಗಿಲೇ ಈಗಿರಲಿಲ್ಲ.

"ಅಕ್ಕಾರ, ನೀವ ಒಂದೀಟು ಸರಿ ಮಾಡ್ರಿ" ಎಂದ ಒಬ್ಬ ತರುಣ ವ್ಯಾಪಾರಿ.

ವೈನಿ ಮನಸ್ಸು ಮಾಡಿದ್ದರೆ ಐದು ನಿಮಿಷದ ಕೆಲಸ. ಅವರು ಎದ್ದು ನಿಂತರು. "ಉಳ್ಳಾಗಡ್ಡಿ ಆಕೀದ್ರಿ, ನಾ ಕೈ ಹಾಕಂಗಿಲ್ಲ. ಚಹಾ ಮಾಡ್ಕೊಂಡು ಬರ್ತೇನಿ." ಒಳಗೆ ಹೋಗಿಯೇ ಬಿಟ್ಟರು!

ಎಂಥ ಸಿಟ್ಟು ಬಂತು ಅಂತೀರಿ. ಒಂದೊಂದೇ ಲಿಂಕು ಹುಡುಕತೊಡಗಿದೆ. ಸುಮ್ಮನೆ ಕೂತು ಬೇಸರವಾಗಿರಬೇಕು, ಹಿರಿಯರು ಅಕ್ಕರೆಯಿಂದಲೇ ಕೇಳಿದರು: "ತಂಗೀ, ನಿಮ್ಮ ಯಜಮಾನ್ರು ಏನ್ ಮಾಡ್ತಾರವಾ? ಯಾವ ಊರು?"

ನನ್ನ ಬೆರಳು ನಿಂತವು. ಅಷ್ಟರಲ್ಲಿ ಅಡುಗೆಮನೆಯಿಂದ ಪಾತ್ರೆಯ ಸಪ್ಪಳದ ಜೊತೆ ವೈನಿಯ ದನಿ: "ಅಣ್ಣಾರ, ಆಕಿಗೆ ಏನರೆ ಕೇಳೂದಿದ್ರ ಉಳ್ಳಾಗಡ್ಡಿದಷ್ಟ ಕೇಳ್ರಿ!"

ಎಲ್ಲರೂ ನಕ್ಕರು. ಹಿರಿಯರೂ ನಕ್ಕು, "ಆತು ಬಿಡ್ರವಾ" ಎಂದು ಒಳಗೆ ಕೂಗಿ ಹೇಳಿ ನನ್ನ ಕಡೆ ತಿರುಗಿದರು. "ಹಂಗಾರ ಹೇಳು, ದಿನಾ ದರ ತುಂಬವ್ರು ಯಾರು?"

"ನಾನ ತುಂಬ್ತೇನ್ರಿ. ನೀವು ಫೋನ್ ಮಾಡಿ ಹೇಳ್ರಿ, ಸಾಕು" ಎಂದೆ. ತವರಿಗೆ ಬಂದ ಮೇಲೆ ಹೊರಗಿನವರ ಜೊತೆ ತಲೆಯೆತ್ತಿ ಆಡಿದ ಮೊದಲ ಮಾತು ಅದೇ. ಚಹಾ ಕುಡಿದು ಅವರು ಹರಟುತ್ತಿದ್ದಂತೆ ಹಳೆಯ ಹೆಸರನ್ನೆಲ್ಲ ಕಿತ್ತೆ, ಪ್ರತಿ ಲಿಂಕೂ ಮುಖ್ಯದ್ದನ್ನು ಕೇಳಿಯೇ ಹೋಗುವಂತೆ ಮಾಡಿದೆ. ನಿನ್ನೆಯ ದರ ತೆರೆಯಿತು.

ಅವರು ಹೋದ ಮೇಲೆ ಜಗಳ ತೆಗೆದೆ. "ಎಲ್ಲಾರ ಮುಂದ ನನ್ನ ಒಬ್ಬಾಕಿನ್ನ ಬಿಟ್ಟು ಹೋದ್ರೆಲ್ಲ ವೈನಿ!"

"ಎಲ್ಲಿ ಹೋಗಿದ್ದೆ? ಅಡಗಿಮನ್ಯಾಗಿದ್ದೆ. ಕಿವಿ ಇಲ್ಲೇ ಇತ್ತಲ್ಲ" ಎಂದು ಚಹಾದ ಕಪ್ಪು-ಬಸಿ ಎತ್ತಿಕೊಂಡು ಹೋದರು.

ಆಮೇಲೆ ಕೆಲವು ವರ್ಷ ಆ ಖೋಲಿಯಲ್ಲಿ ಇಬ್ಬರೂ ಬೆನ್ನಿಗೆ ಬೆನ್ನು ಹಚ್ಚಿ ಕೆಲಸ ಮಾಡಿದೆವು. ನನ್ನ ಪಾಲಿನ ಕೆಲಸಕ್ಕೆ ಅವರು ಒಮ್ಮೆಯೂ ಕೈ ಹಾಕಲಿಲ್ಲ, ಬೈಯುವುದನ್ನೂ ಬಿಡಲಿಲ್ಲ. ಒಂದು ಬೇಸಿಗೆಯಲ್ಲಿ ಅವರ ಕಾಯಿಲೆ ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಆ ಮಳೆಗಾಲ ಮುಗಿಯುವುದರೊಳಗೆ ವೈನಿ ಹೋದರು.

ಮಾತಾಡಿಸಲು ಬಂದವರಿಂದ ಮನೆ ತುಂಬಿತ್ತು. ಮುಂದಿನ ಖೋಲಿಯಲ್ಲಿ ನಾನೇ ಕೂತಿದ್ದೆ. ದೂರದ ಸಂಬಂಧದ ಅತ್ತೆಯೊಬ್ಬರು ಎಲ್ಲರಿಗೂ ಕೇಳುವಂತೆ ಅಂದರು: "ಆಕಿ ಇದ್ಲು, ಹೆಂಗೋ ನಡೀತು. ಇನ್ನರೆ ನೀ ಗಂಡನ ಮನಿಗೆ ಹೋಗ್ತೀಯೋ ಇಲ್ಲೋ?"

ನನ್ನ ಕಿವಿ ತಾನಾಗಿಯೇ ಅಡುಗೆಮನೆಯ ಕಡೆ ತಿರುಗಿತು. ಅಲ್ಲಿ ಪಾತ್ರೆಯ ಸಪ್ಪಳವೂ ಇರಲಿಲ್ಲ.

ಗೋಡೆಗೊರಗಿ ಕೂತಿದ್ದ ಬಿಳಿ ಟೊಪ್ಪಿಗೆಯ ಹಿರಿಯರು ಗಂಟಲು ಸರಿ ಮಾಡಿಕೊಂಡರು. "ಅವ್ವಾರ, ಆಕಿಗೆ ಉಳ್ಳಾಗಡ್ಡಿದಷ್ಟ ಕೇಳಬೇಕ್ರಿ. ಈ ಮನಿ ರಿವಾಜ ಅದು."

ಯಾರೂ ನಗಲಿಲ್ಲ. ಹೆಣದ ಮುಂದೆಯೂ ಬಾರದಿದ್ದ ಅಳು ಆಗ ಬಂತು, ದನಿ ತೆಗೆದು ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಆ ಹಿರಿಯರನ್ನು ಅಂದಿನ ಉಳ್ಳಾಗಡ್ಡಿ ದರ ಕೇಳಿದೆ. ನಾನಿನ್ನೂ ಅದನ್ನು ತುಂಬಿರಲಿಲ್ಲ.